ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮಾಂಸೋತ್ಪಾದನೆ: ಮೇವಿನ ಸದ್ಬಳಕೆ ಮತ್ತು ಪರಿಸರ ಸಂರಕ್ಷಣೆ

ಪೀಠಿಕೆ

ಕೋಲಾರ ಜಿಲ್ಲೆಯು ರಾಜ್ಯದ ಪೂರ್ವ ಒಣ ಕೃಷಿ ಹವಾಮಾನ ವಲಯಕ್ಕೆ ಸೇರಿದ್ದು, ವಾರ್ಷಿಕ ಸರಾಸರಿ ಮಳೆಯು ಸುಮಾರು 700ರಿಂದ 750 ಮಿ.ಮೀ. ಇರುತ್ತದೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಯಾವುದೂ ಇರುವುದಿಲ್ಲ. ಹಿಂದೆ ಕೆರೆಗಳನ್ನೂ ತೆರೆದ ಬಾವಿಗಳನ್ನೂ ಅವಲಂಬಿಸಿದ್ದ ಬೇಸಾಯವು ಕಳೆದ ಕೆಲವು ದಶಕಗಳಲ್ಲಿ ಕೊಳವೆ ಬಾವಿಗಳನ್ನು ಅವಲಂಬಿಸಿದ್ದು, ಅಂತರ್ಜಲ ಮೌಲ್ಯಮಾಪನಗಳಲ್ಲಿ ಜಿಲ್ಲೆಯ ತಾಲ್ಲೂಕುಗಳು ಅತಿ ಬಳಕೆಯ ತಾಲ್ಲೂಕುಗಳೆಂದು ವರ್ಗೀಕರಿಸಲ್ಪಟ್ಟಿರುತ್ತವೆ. ಇಂತಹ ಪ್ರದೇಶದಲ್ಲಿ ಜಾನುವಾರು ತಿನ್ನುವ ಒಂದು ಹಿಡಿ ಮೇವಿನ ಹಿಂದೆಯೂ ನೀರಿನ ಲೆಕ್ಕವಿರುತ್ತದೆ.

ಕುರಿ, ಮೇಕೆ ಮತ್ತು ಕೋಳಿ ಸಾಕಾಣಿಕೆಯು ಈ ನಾಲ್ಕು ತಾಲ್ಲೂಕುಗಳಲ್ಲಿ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹಾಗೂ ಭೂರಹಿತರಿಗೆ ಆಪತ್ಕಾಲದ ಆಸರೆಯಾಗಿರುತ್ತದೆ. ಬೆಳೆ ಕೈಕೊಟ್ಟ ವರ್ಷ ಮಕ್ಕಳ ಶಾಲಾ ಶುಲ್ಕ, ಮದುವೆ, ಆಸ್ಪತ್ರೆಯ ಖರ್ಚು ಮುಂತಾದವುಗಳನ್ನು ನಿಭಾಯಿಸುವುದು ಎರಡು ಟಗರುಗಳನ್ನು ಮಾರಿದ ಹಣದಿಂದಲೇ. ಆದುದರಿಂದ ಕಡಿಮೆ ಮೇವು ಹಾಗೂ ಕಡಿಮೆ ನೀರಿನಲ್ಲಿ ಹೆಚ್ಚು ತೂಕ ಪಡೆಯುವ ವಿಧಾನವು ಪರಿಸರದ ವಿಷಯವಾಗಿರುವಂತೆಯೇ ಕುಟುಂಬದ ಆದಾಯದ ವಿಷಯವೂ ಆಗಿರುತ್ತದೆ. ಈ ಕುರಿತ ಮಾಹಿತಿಯನ್ನು ರೈತ ಬಾಂಧವರ ಹಾಗೂ ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

1. ತಾಲ್ಲೂಕುವಾರು ಹಿನ್ನೆಲೆ

2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಪ್ರತ್ಯೇಕಗೊಂಡ ನಂತರ ಕೋಲಾರ ಜಿಲ್ಲೆಯಲ್ಲಿ ಉಳಿದ ತಾಲ್ಲೂಕುಗಳ ಪೈಕಿ ಈ ನಾಲ್ಕರಲ್ಲಿ ಮೇವಿನ ಪರಿಸ್ಥಿತಿ ಒಂದೇ ರೀತಿಯಾಗಿರುವುದಿಲ್ಲ.

ಕೋಲಾರ: ರಾಗಿ, ತರಕಾರಿ ಮತ್ತು ಹಿಪ್ಪುನೇರಳೆ ಪ್ರಮುಖ ಬೆಳೆಗಳು. ಇಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆಯು ಟೊಮ್ಯಾಟೊ ವಹಿವಾಟಿಗೆ ದೇಶದಲ್ಲೇ ಹೆಸರಾಗಿದೆ. ನರಸಾಪುರ, ವೇಮಗಲ್ ಭಾಗಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿದ್ದು, ಮೇಯಿಸುವ ಜಾಗ ಕಡಿಮೆಯಾಗಿರುತ್ತದೆ.

ಮಾಲೂರು: ಬೆಂಗಳೂರಿಗೆ ಸಮೀಪವಿರುವುದರಿಂದ ಮಾಂಸಕ್ಕೆ ಮಾರುಕಟ್ಟೆ ಕೈಗೆಟುಕುವಂತಿದೆ. ಹಲವು ವರ್ಷ ನೀಲಗಿರಿ ನೆಡುತೋಪುಗಳು ವ್ಯಾಪಕವಾಗಿ ಹರಡಿದ್ದವು. ನೀಲಗಿರಿಯ ಎಲೆಯನ್ನು ಕುರಿ ಮೇಕೆಗಳು ತಿನ್ನುವುದಿಲ್ಲ. ಅದರ ನೆರಳಿನಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು.

ಮುಳಬಾಗಿಲು: ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿದ್ದು, ಬೆಟ್ಟ ಗುಡ್ಡಗಳ ಅಂಚಿನ ಬಯಲು ಪ್ರದೇಶಗಳಲ್ಲಿ ಕುರಿ ಮೇಕೆಗಳನ್ನು ಮೇಯಿಸುವ ಪದ್ಧತಿ ಉಳಿದುಬಂದಿದೆ. ರಾಗಿ, ಕಡಲೆಕಾಯಿ, ಹುರುಳಿ ಮುಂತಾದ ಮಳೆಯಾಶ್ರಿತ ಬೆಳೆಗಳ ಉಳಿಕೆಯೇ ಬೇಸಿಗೆಯ ಮುಖ್ಯ ಮೇವು.

ಶ್ರೀನಿವಾಸಪುರ: ಮಾವಿಗೆ ಪ್ರಸಿದ್ಧ. ತೋಪುಗಳ ವಿಸ್ತೀರ್ಣ ಹೆಚ್ಚಿದಂತೆ ರಾಗಿ, ದ್ವಿದಳ ಧಾನ್ಯದ ಹೊಲಗಳು ಕಡಿಮೆಯಾಗಿ ಒಣ ಮೇವಿನ ಲಭ್ಯತೆ ಕುಗ್ಗುತ್ತದೆ. ಆದರೆ ಮಾವಿನ ಸಾಲುಗಳ ನಡುವೆ ಮೇವಿನ ಬೆಳೆ ಬೆಳೆಯಲು ಅವಕಾಶವಿದೆ.

2. ಮೇವಿನ ಪರಿವರ್ತನಾ ಪ್ರಮಾಣ ಎಂದರೇನು?

ಪ್ರಾಣಿಯ ದೇಹತೂಕದಲ್ಲಿ ಒಂದು ಕಿಲೋಗ್ರಾಂ ಹೆಚ್ಚಳವಾಗಲು ಅದು ತಿನ್ನಬೇಕಾದ ಮೇವಿನ (ನೀರಿನಂಶ ಕಳೆದ ಒಣ ಪದಾರ್ಥದ) ತೂಕವನ್ನು ಮೇವಿನ ಪರಿವರ್ತನಾ ಪ್ರಮಾಣ ಎನ್ನಲಾಗುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಮೇವು ಚೆನ್ನಾಗಿ ಬಳಕೆಯಾಗಿದೆ ಎಂದರ್ಥ. ಉತ್ತಮ ನಿರ್ವಹಣೆಯಲ್ಲಿ ಮಾಂಸದ ಕೋಳಿಗೆ ಇದು ಸುಮಾರು 1.6ರಿಂದ 1.8, ಹಂದಿಗೆ ಸುಮಾರು 3, ಕೊಟ್ಟಿಗೆಯಲ್ಲಿ ಪೌಷ್ಟಿಕ ಆಹಾರ ನೀಡಿ ಬೆಳೆಸಿದ ಕುರಿಮರಿಗೆ 5ರಿಂದ 8 ಇರುತ್ತದೆ. ಬರಿಯ ಬಯಲು ಮೇವಿನ ಮೇಲೆ ಬೆಳೆಯುವ ಕುರಿಗೆ ಇದು 10ನ್ನು ಮೀರುವುದು ಸಾಮಾನ್ಯ.

ಈ ಅಂಕಿಗಳನ್ನು ಮಾತ್ರ ನೋಡಿದರೆ ಕೋಳಿಯೇ ಅತ್ಯುತ್ತಮವೆಂದು ತೋರುತ್ತದೆ. ಆದರೆ ಯಾವ ಮೇವು ಎಂಬುದೂ ಅಷ್ಟೇ ಮುಖ್ಯ. ಮಾಂಸದ ಕೋಳಿಯ ಆಹಾರದಲ್ಲಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯದೇ ಸಿಂಹಪಾಲು. ಇವುಗಳನ್ನು ಬೆಳೆಯಲು ಉತ್ತಮ ಭೂಮಿ, ಗೊಬ್ಬರ ಮತ್ತು ನೀರು ಬೇಕು. ಬಹುಪಾಲು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ತರಿಸಲಾಗುತ್ತದೆ. ಕುರಿ ಮೇಕೆಗಳಾದರೋ ಮನುಷ್ಯನು ತಿನ್ನಲಾಗದ ರಾಗಿ ಹುಲ್ಲು, ಹುರುಳಿ ಹೊಟ್ಟು, ಬದುಗಳ ಹುಲ್ಲು ಹಾಗೂ ಗಿಡಗಳ ಸೊಪ್ಪನ್ನು ಮಾಂಸವನ್ನಾಗಿ ಮಾರ್ಪಡಿಸುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಜಗತ್ತಿನ ಜಾನುವಾರುಗಳು ತಿನ್ನುವ ಆಹಾರದಲ್ಲಿ ಶೇ. 86ರಷ್ಟು ಮನುಷ್ಯರು ತಿನ್ನಲಾಗದಂತಹುದು. ಅದೇ ಅಧ್ಯಯನದಲ್ಲಿ, ಒಂದು ಕಿಲೋ ಮಾಂಸಕ್ಕೆ ಬಳಕೆಯಾಗುವ ಮನುಷ್ಯ ಯೋಗ್ಯ ಆಹಾರವು ಮೆಲುಕು ಹಾಕುವ ಪ್ರಾಣಿಗಳಲ್ಲಿ 2.8 ಕಿ.ಗ್ರಾಂ., ಕೋಳಿ ಹಂದಿಗಳಲ್ಲಿ 3.2 ಕಿ.ಗ್ರಾಂ. ಎಂದು ಲೆಕ್ಕ ಹಾಕಲಾಗಿದೆ. ಆದುದರಿಂದ ಒಣ ಪ್ರದೇಶದಲ್ಲಿ ಕುರಿ ಮೇಕೆಗಳನ್ನು ಅದಕ್ಷ ಪ್ರಾಣಿಗಳೆಂದು ತಳ್ಳಿಹಾಕುವಂತಿಲ್ಲ. ಲೋಪವಿರುವುದು ಅವುಗಳ ನಿಧಾನವಾದ ಬೆಳವಣಿಗೆಯಲ್ಲಿ.

3. ನಿಧಾನವಾಗಿ ಬೆಳೆಯುವ ಮರಿಯ ನಿಜವಾದ ವೆಚ್ಚ

ಪ್ರಾಣಿಯು ತಿಂದ ಮೇವಿನಲ್ಲಿ ಮೊದಲ ಭಾಗವು ಉಸಿರಾಟ, ದೇಹದ ಶಾಖ, ಓಡಾಟ ಮುಂತಾದ ಜೀವಧಾರಣೆಗೆ ವ್ಯಯವಾಗುತ್ತದೆ. ಅದರಿಂದ ಉಳಿದುದು ಮಾತ್ರ ಮೈಗೂಡುತ್ತದೆ. ಮರಿಯು ಮಂದೆಯಲ್ಲಿ ಹೆಚ್ಚು ದಿನ ಉಳಿದಷ್ಟೂ ಜೀವಧಾರಣೆಯ ಖರ್ಚು ಬೆಳೆಯುತ್ತದೆ. ಉದಾಹರಣೆಗಾಗಿ, 15 ಕಿ.ಗ್ರಾಂ. ತೂಕದ ಟಗರು ಮರಿಯನ್ನು 25 ಕಿ.ಗ್ರಾಂ.ಗೆ ಬೆಳೆಸುವ ಲೆಕ್ಕವನ್ನು ಈ ಕೆಳಗೆ ನೀಡಲಾಗಿದೆ.

(ಅ) ಬಯಲು ಮೇವು ಮಾತ್ರ: ದಿನಕ್ಕೆ 50 ಗ್ರಾಂ ತೂಕ ಹೆಚ್ಚಿದರೆ 200 ದಿನ ಬೇಕು. ದಿನಕ್ಕೆ 700 ಗ್ರಾಂ ಒಣ ಪದಾರ್ಥದಂತೆ ಒಟ್ಟು 140 ಕಿ.ಗ್ರಾಂ. ಪರಿವರ್ತನಾ ಪ್ರಮಾಣ 14.

(ಆ) ಬಯಲು ಮೇವಿನ ಜೊತೆಗೆ ದಿನಕ್ಕೆ 200 ಗ್ರಾಂ ತಿಂಡಿ ಮಿಶ್ರಣ: ದಿನಕ್ಕೆ 100 ಗ್ರಾಂ ತೂಕ ಹೆಚ್ಚಿದರೆ 100 ದಿನ ಸಾಕು. ದಿನಕ್ಕೆ 800 ಗ್ರಾಂ ಒಣ ಪದಾರ್ಥದಂತೆ ಒಟ್ಟು 80 ಕಿ.ಗ್ರಾಂ. ಪರಿವರ್ತನಾ ಪ್ರಮಾಣ 8.

ಎರಡನೆಯ ಕ್ರಮದಲ್ಲಿ ಸುಮಾರು 20 ಕಿ.ಗ್ರಾಂ. ತಿಂಡಿ ಮಿಶ್ರಣವನ್ನು ಹಣ ಕೊಟ್ಟು ತರಬೇಕಾದುದು ನಿಜ. ಆದರೆ ಹುಲ್ಲು, ಸೊಪ್ಪಿನ ಬಳಕೆಯು 140 ಕಿ.ಗ್ರಾಂ.ನಿಂದ ಸುಮಾರು 60 ಕಿ.ಗ್ರಾಂ.ಗೆ ಇಳಿಯುತ್ತದೆ. 100 ದಿನಗಳ ಮೇಯಿಸುವ ಕೂಲಿ ಉಳಿಯುತ್ತದೆ ಮತ್ತು ಹಣವು ಮೂರು ತಿಂಗಳಿಗೂ ಮೊದಲೇ ಕೈಸೇರುತ್ತದೆ. 20 ಕಿ.ಗ್ರಾಂ. ಮಿಶ್ರಣದ ಬೆಲೆಯನ್ನು ಈ ಉಳಿತಾಯಗಳೊಡನೆ ತಾಳೆ ನೋಡಿ ರೈತರು ತೀರ್ಮಾನಿಸುವುದು ಸೂಕ್ತ.

4. ಹಿಂಡಿನ ಲೆಕ್ಕ

ಮರಿಯು ತಿಂದುದನ್ನು ಮಾತ್ರ ಎಣಿಸಿದರೆ ಲೆಕ್ಕ ಪೂರ್ಣವಾಗುವುದಿಲ್ಲ. 30 ಕಿ.ಗ್ರಾಂ. ತೂಕದ ತಾಯಿ ಕುರಿಯು ದಿನಕ್ಕೆ ಸುಮಾರು ಒಂದು ಕಿಲೋ ಒಣ ಪದಾರ್ಥದಂತೆ ವರ್ಷಕ್ಕೆ 365 ಕಿ.ಗ್ರಾಂ. ತಿನ್ನುತ್ತದೆ. ವರ್ಷಕ್ಕೆ ಒಂದೇ ಮರಿ ಉಳಿದರೆ ಆ ಇಡೀ ಮೇವಿನ ಭಾರ ಆ ಒಂದು ಮರಿಯ ಮೇಲೆ ಬೀಳುತ್ತದೆ. ಎರಡು ವರ್ಷಗಳಲ್ಲಿ ಮೂರು ಮರಿ ದೊರೆತರೆ ಪ್ರತಿ ಮರಿಗೆ ಸುಮಾರು 243 ಕಿ.ಗ್ರಾಂ. ಮಾತ್ರ. ಇದಕ್ಕೆ ವಿರುದ್ಧವಾಗಿ, ಹುಟ್ಟಿದ ಐದು ಮರಿಗಳಲ್ಲಿ ಒಂದು ಸತ್ತರೆ ಉಳಿದ ನಾಲ್ಕರಲ್ಲಿ ಪ್ರತಿಯೊಂದರ ಮೇಲಿನ ಭಾರ ಸುಮಾರು 456 ಕಿ.ಗ್ರಾಂ.ಗೆ ಏರುತ್ತದೆ. ಮರಿಗಳ ಸಾವು ಮೇವಿನ ಅತಿ ದೊಡ್ಡ ನಷ್ಟಗಳಲ್ಲಿ ಒಂದೆಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಆದುದರಿಂದ ಮಳೆಗಾಲಕ್ಕೆ ಮುನ್ನ ಕರುಳುಬೇನೆಯ ಲಸಿಕೆ, ಪಿ.ಪಿ.ಆರ್. ಹಾಗೂ ನೀಲಿನಾಲಿಗೆ ರೋಗದ ವಿರುದ್ಧ ಲಸಿಕೆ, ಪಶುವೈದ್ಯರ ಸಲಹೆಯಂತೆ ಜಂತುನಾಶಕ ಔಷಧ ಮತ್ತು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಮರಿಗೆ ಗಿಣ್ಣು ಹಾಲು ಕುಡಿಸುವುದು, ಇವೆಲ್ಲವೂ ಮೇವು ಉಳಿತಾಯದ ಕ್ರಮಗಳೇ ಆಗಿರುತ್ತವೆ.

ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯು ಪಶ್ಚಿಮ ಬಂಗಾಳದ ಗರೋಲ್ ತಳಿಯ ಅವಳಿ ಮರಿಯ ಗುಣವನ್ನು ದಖನಿ ಕುರಿಗೆ ತಂದು ಅಭಿವೃದ್ಧಿಪಡಿಸಿದ ನಾರಿ ಸುವರ್ಣ ತಳಿಯನ್ನು ರಾಜ್ಯದ ರೈತರೂ ಸಾಕುತ್ತಿದ್ದಾರೆ. ಈ ತಳಿಯಲ್ಲಿ ಅವಳಿ ಮರಿಗಳು ದೊರೆಯುವ ಸಂಭವ ಹೆಚ್ಚು. ಆದರೆ ಗರ್ಭದ ಕೊನೆಯ ಒಂದೂವರೆ ತಿಂಗಳು ಮತ್ತು ಹಾಲುಣಿಸುವ ಅವಧಿಯಲ್ಲಿ ತಾಯಿಗೆ ಹೆಚ್ಚುವರಿ ಆಹಾರ ನೀಡದಿದ್ದಲ್ಲಿ ಹಾಲು ಸಾಲದೆ ಎರಡೂ ಮರಿಗಳನ್ನು ಕಳೆದುಕೊಳ್ಳುವ ಅಪಾಯವಿರುತ್ತದೆ.

5. ಹವಾಮಾನದ ಮೇಲಿನ ಪರಿಣಾಮ

ಕುರಿ, ಮೇಕೆ, ದನ, ಎಮ್ಮೆಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಕರಗಿಸುವಾಗ ಮೀಥೇನ್ ಅನಿಲ ಉತ್ಪತ್ತಿಯಾಗಿ, ತೇಗಿನ ಮೂಲಕ ಹೊರಬರುತ್ತದೆ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಮೀಥೇನ್ ಅನಿಲದ ತಾಪಕಾರಕ ಶಕ್ತಿಯು ಇಂಗಾಲದ ಡೈ ಆಕ್ಸೈಡ್‌ಗಿಂತ ಸುಮಾರು 27-28 ಪಟ್ಟು ಹೆಚ್ಚು. ಜಗತ್ತಿನ ಮಾನವಜನ್ಯ ಹಸಿರುಮನೆ ಅನಿಲಗಳಲ್ಲಿ ಜಾನುವಾರು ವಲಯದ ಪಾಲು ಸುಮಾರು ಶೇ. 12 ಎಂದು ಆಹಾರ ಮತ್ತು ಕೃಷಿ ಸಂಸ್ಥೆಯು 2023ರ ವರದಿಯಲ್ಲಿ ಅಂದಾಜಿಸಿದೆ.

ಮೀಥೇನ್ ರೂಪದಲ್ಲಿ ಹೊರಹೋಗುವುದು ಮೇವಿನಲ್ಲಿದ್ದ ಶಕ್ತಿಯೇ; ಅಷ್ಟರ ಮಟ್ಟಿಗೆ ರೈತನಿಗೂ ನಷ್ಟ. ಕುರಿಯು ತಿನ್ನುವ ಪ್ರತಿ ಕಿಲೋ ಒಣ ಪದಾರ್ಥಕ್ಕೆ ಸುಮಾರು 20 ಗ್ರಾಂ ಮೀಥೇನ್ ಎಂದು ಹಿಡಿದರೆ, ಮೇಲಿನ ಉದಾಹರಣೆಯ ಮೊದಲ ಮರಿಯಿಂದ 2.8 ಕಿ.ಗ್ರಾಂ., ಎರಡನೆಯ ಮರಿಯಿಂದ 1.6 ಕಿ.ಗ್ರಾಂ. ಮೀಥೇನ್ ಹೊರಬರುತ್ತದೆ. ತೂಕದ ಹೆಚ್ಚಳ ಮಾತ್ರ ಎರಡರಲ್ಲೂ 10 ಕಿ.ಗ್ರಾಂ. ಒಂದೇ.

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಟ್ಯಾನಿನ್ ಅಂಶವಿರುವ ಸಸ್ಯಮೂಲಗಳಿಂದ ಮೀಥೇನ್ ತಗ್ಗಿಸುವ ಆಹಾರ ಪೂರಕಗಳನ್ನು ಅಭಿವೃದ್ಧಿಪಡಿಸಿದೆ. ಇವುಗಳ ಪೈಕಿ 'ಹರಿತ್ ಧಾರಾ' ಎಂಬುದು ಮೀಥೇನ್ ಉತ್ಪತ್ತಿಯನ್ನು ಶೇ. 17ರಿಂದ 20ರಷ್ಟು ತಗ್ಗಿಸುವುದೆಂದು 2021ರಲ್ಲಿ ತಿಳಿಸಲಾಯಿತು. ಹುಣಸೆ ಬೀಜದ ಸಿಪ್ಪೆಯನ್ನು ಆಧರಿಸಿದ ಪೂರಕವನ್ನೂ ಇದೇ ಸಂಸ್ಥೆ ರೂಪಿಸಿರುತ್ತದೆ. ಕೋಲಾರ ಸೀಮೆಯ ರಸ್ತೆ ಬದಿ, ಹೊಲದ ಬದುಗಳಲ್ಲಿ ಹುಣಸೆ ಮರಗಳಿಗೆ ಕೊರತೆಯಿಲ್ಲ. ಆದರೆ ಟ್ಯಾನಿನ್ ಮಿತಿಮೀರಿದಲ್ಲಿ ಜೀರ್ಣಶಕ್ತಿ ಕುಗ್ಗುವುದರಿಂದ, ರೈತರು ಸಿಪ್ಪೆಯನ್ನು ತಾವಾಗಿಯೇ ಅಂದಾಜಿನ ಮೇಲೆ ತಿನ್ನಿಸಬಾರದು.

6. ನೀರಿನ ಲೆಕ್ಕ

ಒಂದು ಕಿಲೋ ಕೋಳಿ ಮಾಂಸಕ್ಕೆ ಜಾಗತಿಕ ಸರಾಸರಿಯಲ್ಲಿ ಸುಮಾರು 4,300 ಲೀಟರ್, ಕುರಿ ಮೇಕೆ ಮಾಂಸಕ್ಕೆ ಸುಮಾರು 8,700 ಲೀಟರ್ ನೀರು ಬೇಕೆಂದು ಜಲಹೆಜ್ಜೆ ಅಧ್ಯಯನಗಳು ಹೇಳುತ್ತವೆ. ಈ ನೀರಿನ ಬಹುಪಾಲು ಮೇವು ಬೆಳೆಯಲು ಬೇಕಾಗುವ ನೀರು. ಅದು ಮಳೆಯ ನೀರೋ, ಕೊಳವೆ ಬಾವಿಯ ನೀರೋ ಎಂಬುದೇ ಈ ಜಿಲ್ಲೆಯ ಮಟ್ಟಿಗೆ ಮುಖ್ಯ ಪ್ರಶ್ನೆ. ಮಳೆಯಲ್ಲಿ ಬೆಳೆದ ರಾಗಿಯ ಹುಲ್ಲನ್ನು ತಿಂದ ಕುರಿಯು ಅಂತರ್ಜಲಕ್ಕೆ ಹೊರೆಯಾಗುವುದಿಲ್ಲ. ಕೊಳವೆ ಬಾವಿಯ ನೀರನ್ನು ಹೊಲದ ತುಂಬ ಹರಿಸಿ ಬೆಳೆದ ನೇಪಿಯರ್ ಹುಲ್ಲನ್ನು ತಿಂದ ಕುರಿಯು ಹೊರೆಯಾಗುತ್ತದೆ.

ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯಡಿ 2018ರಲ್ಲಿ ನೀರು ಹರಿಯಲಾರಂಭಿಸಿತು. ಕೆರೆಗಳ ಮೂಲಕ ಅಂತರ್ಜಲವನ್ನು ಮರುಪೂರಣಗೊಳಿಸುವುದು ಸದರಿ ಯೋಜನೆಯ ಉದ್ದೇಶ. ಹೀಗೆ ಮರಳಿ ಬಂದ ನೀರನ್ನು ಹನಿ ಅಥವಾ ತುಂತುರು ನೀರಾವರಿಯಿಂದ ಮಿತವಾಗಿ ಬಳಸುವುದು, ನೇಪಿಯರ್ ಹುಲ್ಲನ್ನು ಸ್ವಲ್ಪ ಜಾಗಕ್ಕೆ ಸೀಮಿತಗೊಳಿಸಿ ಬದುಗಳಲ್ಲಿ ಚೊಗಚೆ, ಗ್ಲಿರಿಸಿಡಿಯಾ, ಸುಬಾಬುಲ್ ಹಾಗೂ ಒಣ ಭೂಮಿಯಲ್ಲಿ ಸ್ಟೈಲೋ ಬೆಳೆಸುವುದು ಸೂಕ್ತ.

7. ಸ್ಥಳೀಯ ಮೇವಿನ ಮೂಲಗಳು ಮತ್ತು ಅವುಗಳ ಬಳಕೆ

(1) ರಾಗಿ ಹುಲ್ಲು: ಭತ್ತದ ಹುಲ್ಲಿಗಿಂತ ಉತ್ತಮ. ಆದರೆ ಸಸಾರಜನಕ ಶೇ. 3ರಿಂದ 4 ಮಾತ್ರ. ಕತ್ತರಿಸಿ ನೀಡಿದಲ್ಲಿ ವ್ಯರ್ಥವಾಗುವುದು ಕಡಿಮೆ. 100 ಕಿ.ಗ್ರಾಂ. ಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟು, ನಂತರ ಹರಡಿ ವಾಸನೆ ಹೋದ ಮೇಲೆ ವಯಸ್ಕ ಪ್ರಾಣಿಗಳಿಗೆ ಕ್ರಮೇಣ ಅಭ್ಯಾಸ ಮಾಡಿಸಬಹುದು. ಆರು ತಿಂಗಳೊಳಗಿನ ಮರಿಗಳಿಗೆ ನೀಡಬಾರದು. ಯೂರಿಯಾ ನೀರು ಯಾವ ಪ್ರಾಣಿಯ ಬಾಯಿಗೂ ಸಿಗದಂತೆ ಎಚ್ಚರ ವಹಿಸತಕ್ಕದ್ದು.

(2) ಕಡಲೆಕಾಯಿ ಬಳ್ಳಿ, ಹುರುಳಿ, ಅವರೆ ಮತ್ತು ತೊಗರಿ ಹೊಟ್ಟು: ರಾಗಿ ಹುಲ್ಲಿಗಿಂತ ಹೆಚ್ಚು ಸಸಾರಜನಕವಿರುತ್ತದೆ. ಮಳೆಗೆ ನೆನೆದು ಬೂಷ್ಟು ಹಿಡಿದ ಬಳ್ಳಿ ಹಾಗೂ ಹಿಂಡಿಯನ್ನು ತಿನ್ನಿಸಬಾರದು.

(3) ಹಿಪ್ಪುನೇರಳೆ: ರೇಷ್ಮೆ ಹುಳು ತಿಂದು ಉಳಿಸಿದ ಎಲೆ ಕಡ್ಡಿಗಳು ಕುರಿ ಮೇಕೆಗಳಿಗೆ ಪ್ರಿಯವಾದ, ಸಸಾರಜನಕಯುಕ್ತ ಮೇವು. ಸೋಂಕು ನಿವಾರಕ ಪುಡಿ ಬಿದ್ದಿರುವ ಉಳಿಕೆಯನ್ನು ಬಳಸಬಾರದು.

(4) ಟೊಮ್ಯಾಟೊ: ಬೆಲೆ ಕುಸಿದಾಗ ರಸ್ತೆ ಬದಿಗೆ ಸುರಿಯುವ ಹಣ್ಣನ್ನು ಕುರಿಗಳು ತಿನ್ನುತ್ತವೆ. ಆದರೆ ಇದರಲ್ಲಿ ಸುಮಾರು ಶೇ. 94ರಷ್ಟು ನೀರೇ ಇರುವುದರಿಂದ 100 ಕಿ.ಗ್ರಾಂ. ಹಣ್ಣಿನಿಂದ ದೊರೆಯುವ ಒಣ ಪದಾರ್ಥ ಸುಮಾರು 6 ಕಿ.ಗ್ರಾಂ. ಮಾತ್ರ. ಒಣ ಹುಲ್ಲಿನೊಂದಿಗೆ ಮಿತವಾಗಿ ನೀಡಬೇಕು. ಕೀಟನಾಶಕ ಸಿಂಪಡಿಸಿದ ಹಣ್ಣನ್ನೂ, ಗಿಡದ ಎಲೆ ಕಾಂಡವನ್ನೂ ನೀಡಬಾರದು.

(5) ಮಾವಿನ ಸಿಪ್ಪೆ ಮತ್ತು ಗೊರಟೆಯ ತಿರುಳು: ಸಿಪ್ಪೆಯನ್ನು ಕತ್ತರಿಸಿದ ಒಣ ಹುಲ್ಲಿನೊಂದಿಗೆ ಬೆರೆಸಿ ರಸಮೇವು ಮಾಡಬಹುದು. ತಿರುಳಿನಲ್ಲಿ ಟ್ಯಾನಿನ್ ಇರುವುದರಿಂದ ಅಲ್ಪ ಪ್ರಮಾಣದಲ್ಲಿ ಮಾತ್ರ ಬಳಸಬೇಕು.

(6) ಹೊಂಗೆ ಹಿಂಡಿ: ಇದು ಗೊಬ್ಬರಕ್ಕೆ ಯೋಗ್ಯ; ಮೇವಿಗೆ ಯೋಗ್ಯವಲ್ಲ.

(7) ಎಳೆಯ ಜೋಳದ ಪೈರು: ಮಳೆಯಿಲ್ಲದೆ ಬಾಡಿದ ಎಳೆಯ ಜೋಳದಲ್ಲಿ ವಿಷಾಂಶವಿರುತ್ತದೆ. ಹೂ ಬಿಡುವ ಮುನ್ನ ಮೇಯಿಸಬಾರದು.

8. ತಿಂಡಿ ಮಿಶ್ರಣ

ಬೆಳೆಯುವ ಮರಿಗಳಿಗೆ ಮನೆಯಲ್ಲೇ ತಯಾರಿಸಬಹುದಾದ 100 ಕಿ.ಗ್ರಾಂ. ಮಿಶ್ರಣದ ಒಂದು ಮಾದರಿ: ಮೆಕ್ಕೆಜೋಳ ಅಥವಾ ರಾಗಿ ನುಚ್ಚು 40, ಬೂಸಾ 30, ಕಡಲೆಕಾಯಿ ಹಿಂಡಿ 27, ಖನಿಜ ಮಿಶ್ರಣ 2, ಉಪ್ಪು 1 ಕಿ.ಗ್ರಾಂ. ಕುರಿಗಳಿಗೆ ತಾಮ್ರದ ಅಂಶ ಹೆಚ್ಚಾದಲ್ಲಿ ವಿಷವಾಗುವುದರಿಂದ ದನಗಳ ಖನಿಜ ಮಿಶ್ರಣವನ್ನು ಬಳಸದೆ ಕುರಿ ಮೇಕೆಗಳಿಗೆಂದೇ ತಯಾರಿಸಿದ ಮಿಶ್ರಣವನ್ನು ಬಳಸಬೇಕು. ಮಿಶ್ರಣವನ್ನು ದಿನಕ್ಕೆ 50 ಗ್ರಾಂನಿಂದ ಆರಂಭಿಸಿ ಎರಡು ವಾರಗಳಲ್ಲಿ ನಿಗದಿತ ಪ್ರಮಾಣಕ್ಕೆ ಏರಿಸಬೇಕು. ಒಮ್ಮೆಗೇ ಹೆಚ್ಚು ಧಾನ್ಯ ತಿನ್ನಿಸಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಪ್ರಾಣಿ ಸಾಯುವ ಸಂಭವವಿರುತ್ತದೆ.

9. ತೂಕ ತಿಳಿಯುವ ಸರಳ ವಿಧಾನ

ಸಂತೆಗಳಲ್ಲಿ ಕುರಿಯನ್ನು ಕಣ್ಣಂದಾಜಿನಲ್ಲಿ ಮಾರುವುದು ರೂಢಿ. ತೂಕ ತಿಳಿಯದೆ ಮೇವಿನ ಲೆಕ್ಕ ಸಾಧ್ಯವಿಲ್ಲ. ನ್ಯಾಯವಾದ ಬೆಲೆಯೂ ದೊರೆಯುವುದು ಕಷ್ಟ. ತಕ್ಕಡಿ ಇಲ್ಲದಿದ್ದಲ್ಲಿ ಅಳತೆ ಪಟ್ಟಿಯಿಂದ ಎದೆ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಬಾಲದ ಬುಡದ ಮೂಳೆಯವರೆಗಿನ ಉದ್ದವನ್ನೂ ಅಂಗುಲಗಳಲ್ಲಿ ಅಳೆದು, ಸುತ್ತಳತೆಯನ್ನು ಸುತ್ತಳತೆಯಿಂದ ಮತ್ತು ಉದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ತೂಕವು ಕಿ.ಗ್ರಾಂ.ಗಳಲ್ಲಿ ಅಂದಾಜು ದೊರೆಯುತ್ತದೆ. ಉದಾಹರಣೆ: ಸುತ್ತಳತೆ 26, ಉದ್ದ 25 ಅಂಗುಲವಿದ್ದಲ್ಲಿ 26 × 26 × 25 = 16,900; ಇದನ್ನು 660ರಿಂದ ಭಾಗಿಸಿದರೆ ಸುಮಾರು 25.6 ಕಿ.ಗ್ರಾಂ.

ಯುಗಾದಿಯ ಮರುದಿನದ ಹೊಸತೊಡಕು, ಮಹಾಲಯ ಅಮಾವಾಸ್ಯೆ ಮತ್ತು ಬಕ್ರೀದ್ ಸಂದರ್ಭಗಳಲ್ಲಿ ಬೇಡಿಕೆ ಹೆಚ್ಚುವುದರಿಂದ ಮರಿಗಳು ಹುಟ್ಟುವ ಕಾಲವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಲಾಭದಾಯಕ. ಬೆಳವಣಿಗೆ ನಿಂತ ಟಗರನ್ನು ಬೆಲೆಯ ಆಸೆಗೆ ತಿಂಗಳುಗಟ್ಟಲೆ ಕಟ್ಟಿ ಮೇಯಿಸಿದರೆ ಹೆಚ್ಚಿನ ಬೆಲೆಯನ್ನು ಮೇವೇ ನುಂಗಿಹಾಕಬಹುದು.

10. ಗೋಮಾಳ ಮತ್ತು ಮಂದೆಯ ಮಿತಿ

ಮೇವಿನ ದಕ್ಷತೆ ಹೆಚ್ಚಿದ ಮಾತ್ರಕ್ಕೆ ಪರಿಸರ ಉಳಿಯುತ್ತದೆ ಎನ್ನಲಾಗದು. ಒಂದು ಮರಿಯ ಮೇವಿನಲ್ಲಿ ಎರಡು ಮರಿ ಬೆಳೆಯುವುದೆಂದು ಅದೇ ಗೋಮಾಳಕ್ಕೆ ಇಮ್ಮಡಿ ಕುರಿಗಳನ್ನು ಬಿಟ್ಟರೆ ಉಳಿತಾಯವೆಲ್ಲ ವ್ಯರ್ಥವಾಗುತ್ತದೆ. ಗೋಮಾಳ, ಗುಂಡುತೋಪು, ಕೆರೆ ಅಂಗಳಗಳ ವಿಸ್ತೀರ್ಣವು ಕುಗ್ಗುತ್ತಿರುವಾಗ ಉಳಿದ ಜಾಗದ ಮೇಲಿನ ಒತ್ತಡ ತಾನಾಗಿಯೇ ಹೆಚ್ಚುತ್ತದೆ. ಹುಲ್ಲು ಬೇರುಸಹಿತ ಹೋದ ನೆಲದಲ್ಲಿ ಮೊದಲ ಮಳೆಗೇ ಮೇಲ್ಮಣ್ಣು ಕೊಚ್ಚಿ ಕೆರೆಗೆ ಹೂಳಾಗಿ ಸೇರುತ್ತದೆ. ಗ್ರಾಮಸ್ಥರು ಒಮ್ಮತದಿಂದ ಗೋಮಾಳವನ್ನು ಭಾಗಗಳಾಗಿ ವಿಂಗಡಿಸಿ, ಮುಂಗಾರಿನ ಮೊದಲ ವಾರಗಳಲ್ಲಿ ಒಂದು ಭಾಗಕ್ಕೆ ವಿರಾಮ ನೀಡಿ, ಸರದಿಯಂತೆ ಮೇಯಿಸುವುದು ಉತ್ತಮ. ಸುಗ್ಗಿಯ ನಂತರ ಹೊಲಗಳಲ್ಲಿ ಕುರಿ ಮಂದೆ ನಿಲ್ಲಿಸುವ ಹಿರಿಯರ ಪದ್ಧತಿಯು ಕೂಳೆಯನ್ನು ಮೇವಾಗಿಸಿ, ಹಿಕ್ಕೆ ಗಂಜಲವನ್ನು ನೇರವಾಗಿ ನೆಲಕ್ಕೆ ಸೇರಿಸುವುದರಿಂದ ಅದನ್ನು ಉಳಿಸಿಕೊಳ್ಳುವುದು ಅವಶ್ಯ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಇಂತಹ ವರ್ಷಗಳಲ್ಲಿ ಮೇವಿಲ್ಲದೆ ತಾಯಿ ಕುರಿಗಳನ್ನೂ ಸಿಕ್ಕಿದ ಬೆಲೆಗೆ ಮಾರುವ ಸ್ಥಿತಿ ಒದಗುತ್ತದೆ. ಮತ್ತೆ ಮಂದೆ ಕಟ್ಟಲು ವರ್ಷಗಳೇ ಹಿಡಿಯುತ್ತವೆ. ಮಳೆ ಕೈಕೊಡುವ ಸೂಚನೆ ಕಂಡೊಡನೆ ಬೆಳೆದ ಟಗರುಗಳನ್ನು ಮೊದಲು ಮಾರಿ, ಇರುವ ಮೇವನ್ನು ಗಬ್ಬದ ಕುರಿಗಳಿಗೂ ಹಾಲುಣಿಸುವ ಕುರಿಗಳಿಗೂ ಮೀಸಲಿಡುವುದು ಸೂಕ್ತ. ಪ್ರತಿ ತಾಯಿ ಕುರಿಗೆ ಬೇಸಿಗೆಯ 90 ದಿನಗಳಿಗೆ ಕನಿಷ್ಠ 90 ಕಿ.ಗ್ರಾಂ. ಒಣ ಮೇವು ಬಣವೆಯಲ್ಲಿರುವಂತೆ ನೋಡಿಕೊಂಡು, ಆ ಮಿತಿಯೊಳಗೆ ಮಂದೆಯ ಗಾತ್ರವನ್ನು ನಿರ್ಧರಿಸಿಕೊಳ್ಳಬೇಕು.

11. ಸೌಲಭ್ಯಗಳು

2021-22ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಲ್ಲಿ ಕುರಿ ಮೇಕೆ ತಳಿ ಸಂವರ್ಧನಾ ಘಟಕಗಳಿಗೂ, ರಸಮೇವು ಮತ್ತು ಮೇವಿನ ಇಟ್ಟಿಗೆ ತಯಾರಿಕಾ ಘಟಕಗಳಿಗೂ ಶೇ. 50ರ ಬಂಡವಾಳ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಯಿತು. ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ಮಾರ್ಗಸೂಚಿಯನ್ನು ಪರಿಶೀಲಿಸತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹತ್ತಿರದ ಪಶು ಚಿಕಿತ್ಸಾಲಯ, ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ತಾಲ್ಲೂಕು ಪಶು ಆಸ್ಪತ್ರೆಗಳು ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಬರುವಾಗ ಮಂದೆಯಲ್ಲಿರುವ ಪ್ರಾಣಿಗಳ ಸಂಖ್ಯೆ, ಹಿಂದಿನ ವರ್ಷ ಹುಟ್ಟಿದ ಮತ್ತು ಸತ್ತ ಮರಿಗಳ ಸಂಖ್ಯೆ ಹಾಗೂ ಸಂಗ್ರಹದಲ್ಲಿರುವ ಮೇವಿನ ಅಂದಾಜನ್ನು ಬರೆದು ತಂದಲ್ಲಿ ಸೂಕ್ತ ಸಲಹೆ ನೀಡಲು ಅನುಕೂಲವಾಗುತ್ತದೆ.